ಅಡುಗೆಮನೆ ಚಿಮಣಿಯ ಹೊಗೆಕೊಳವೆ

ಒಲೆಯ ಮೇಲೆ ಕೂರಿಸಿದ ವಿದ್ಯುತ್ ಚಿಮಣಿ ಹೀರಿಕೊಂಡ ಹೊಗೆ, ಹಬೆ, ಎಣ್ಣೆಯ ಆವಿ ಮತ್ತು ಬಿಸಿಗಾಳಿಯನ್ನು ಮನೆಯ ಹೊರಕ್ಕೆ ಸಾಗಿಸುವ ಮಾರ್ಗಕ್ಕೆ ಹೊಗೆಕೊಳವೆ ಎನ್ನುತ್ತಾರೆ. ಪೇಟೆಯಲ್ಲಿ ಇದು ಡಕ್ಟ್ ಅಥವಾ ಚಿಮಣಿ ಪೈಪು. ಚಿಮಣಿ ಕೊಳ್ಳುವವರು ಫ್ಯಾನಿನ ಹೀರುವ ಶಕ್ತಿ, ಗಾಜಿನ ಅಂದ, ಬೆಲೆ ಇವನ್ನೇ ಹೆಚ್ಚಾಗಿ ನೋಡುತ್ತಾರೆ. ಆ ಶಕ್ತಿಯಲ್ಲಿ ಎಷ್ಟು ಪಾಲು ಕೆಲಸಕ್ಕೆ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಮಾತ್ರ ಕೊಳವೆ. ಅದು ಗಿಡ್ಡವಾಗಿರಬೇಕು, ನೇರವಾಗಿರಬೇಕು, ಸಾಕಷ್ಟು ಅಗಲವಿರಬೇಕು, ಒಳಮೈ ನುಣುಪಾಗಿರಬೇಕು, ಕೊನೆಯ ಬಾಯಿ ಬಯಲಿಗೆ ತೆರೆದಿರಬೇಕು. ಈ ಐದು ಗುಣಗಳು ಮನೆಯ ನಕ್ಷೆ ಬರೆಯುವಾಗಲೇ ನಿರ್ಧಾರವಾಗುತ್ತವೆ. ಗೃಹಪ್ರವೇಶ ಮುಗಿದ ಮೇಲೆ ಅವನ್ನು ಸಾಧಿಸುವುದು ಕಷ್ಟ, ದುಬಾರಿಯೂ ಹೌದು.

ಹಿನ್ನೆಲೆ

ಅಡುಗೆಯ ಹೊಗೆಯನ್ನು ಹೊರಗೆ ಕಳಿಸುವ ಏರ್ಪಾಡು ಕರ್ನಾಟಕದ ಮನೆಗಳಿಗೆ ಹೊಸದಲ್ಲ. ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಚಾವಣಿಗೆ ಬಿಟ್ಟ ಬೆಳಕಿಂಡಿ ಬೆಳಕನ್ನು ಒಳಗೆ ತಂದು ಹೊಗೆಯನ್ನು ಹೊರಗೆ ಬಿಡುತ್ತಿತ್ತು. ಮಲೆನಾಡು ಮತ್ತು ಕರಾವಳಿಯ ಹೆಂಚಿನ ಮನೆಗಳಲ್ಲಿ ಹೆಂಚುಗಳ ಸಂದುಗಳೇ ಹೊಗೆಯ ದಾರಿ. ಒಲೆಯ ಮೇಲಿನ ಅಟ್ಟದಲ್ಲಿಟ್ಟ ಬೀಜ, ಕಾಯಿಗಳನ್ನು ಆ ಹೊಗೆ ಹುಳು ಹಿಡಿಯದಂತೆ ಕಾಪಾಡುತ್ತಿತ್ತು. ಆದರೆ ಜಂತಿಗೆ ಇಲ್ಲಣ ಕಟ್ಟಿದಂತೆ ಅಡುಗೆ ಮಾಡುವವರ ಎದೆಗೂ ಹೊಗೆ ಇಳಿಯುತ್ತಿತ್ತು.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ಅಲ್ಲಿ ರೂಪುಗೊಂಡ, ಮೂರು ಪಾತ್ರೆಗಳನ್ನು ಇಡಬಹುದಾದ ‘ಅಸ್ತ್ರ ಒಲೆ’ 1980ರ ದಶಕದಲ್ಲಿ ಹಳ್ಳಿಗಳಿಗೆ ತಲುಪಿತು. ಸೌದೆಯ ಹೊಗೆಯನ್ನು ಚಾವಣಿಯ ಮೇಲಕ್ಕೆ ಒಯ್ಯುವ ಕೊಳವೆ ಅದರ ಅವಿಭಾಜ್ಯ ಅಂಗವಾಗಿತ್ತು. ಸೌದೆ ಒಲೆಯ ಹೊಗೆ ಬಹಳ ಬಿಸಿ, ಆದ್ದರಿಂದ ಹಗುರ. ನಿಂತ ಕೊಳವೆಯಲ್ಲಿ ಅದು ತಾನಾಗಿಯೇ ಮೇಲೇರುತ್ತದೆ. ಗ್ಯಾಸ್ ಒಲೆಯ ಮೇಲಿನ ಚಿಮಣಿಗೆ ಈ ಅನುಕೂಲವಿಲ್ಲ. ಅಲ್ಲಿ ಒಲೆಯ ಆವಿ ಕೋಣೆಯ ಗಾಳಿಯೊಡನೆ ಬೆರೆತು ಬೆಚ್ಚಗಾಗಿ ಮಾತ್ರ ಉಳಿಯುವುದರಿಂದ ಅದನ್ನು ತಳ್ಳಲು ಫ್ಯಾನು ಬೇಕೇ ಬೇಕು.

ಅಡುಗೆ ಅನಿಲ ಮನೆಮನೆಗೆ ಬಂದ ಮೇಲೆ, ಅದರಲ್ಲೂ 2016ರಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ, ಸೌದೆಯ ಹೊಗೆ ಬಹಳಷ್ಟು ಮನೆಗಳಲ್ಲಿ ಕಡಿಮೆಯಾಯಿತು. ಅದೇ ಕಾಲಕ್ಕೆ ಮನೆಗಳೂ ಬದಲಾದವು. ಹೆಂಚಿನ ಜಾಗಕ್ಕೆ ಆರ್‌ಸಿಸಿ ಚಾವಣಿ, ಮರದ ಕಿಟಕಿಯ ಜಾಗಕ್ಕೆ ಬಿಗಿಯಾಗಿ ಮುಚ್ಚುವ ಅಲ್ಯೂಮಿನಿಯಂ ಕಿಟಕಿ, ಊಟದ ಕೋಣೆಗೆ ತೆರೆದುಕೊಂಡ ಅಡುಗೆಮನೆ ಬಂದವು. ಹೊಗೆ ಕಡಿಮೆಯಾದರೂ ಹುಟ್ಟಿದ್ದು ಒಳಗೇ ನಿಲ್ಲುವಂತಾಯಿತು.

ಅಡುಗೆಯ ಗಾಳಿಯಲ್ಲಿ ಇರುವುದೇನು

ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದಾಗ ಏಳುವ ಘಾಟು ಕಣ್ಣು ಮೂಗಿಗೆ ಕೂಡಲೇ ಗೊತ್ತಾಗುತ್ತದೆ. ಗೊತ್ತಾಗದ್ದು ಇನ್ನೂ ಹೆಚ್ಚು. ಕಾದ ಎಣ್ಣೆಯಿಂದ ಏಳುವ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಗ್ಯಾಸಿನ ಉರಿಯಿಂದ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುತ್ತದೆ, ಉರಿ ಸರಿಯಿಲ್ಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಕೂಡ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ವಾಯುಮಾಲಿನ್ಯದಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು. ಅದರಲ್ಲಿ ದೊಡ್ಡ ಪಾಲು ಸೌದೆ, ಬೆರಣಿ, ಇದ್ದಿಲು, ಸೀಮೆಎಣ್ಣೆಯ ಹೊಗೆಯದು. ಗ್ಯಾಸ್ ಒಲೆಯ ಮನೆಯೂ ಪೂರ್ತಿ ಸುರಕ್ಷಿತವಲ್ಲ. ಹೆಚ್ಚಿನ ಕಾವಿನಲ್ಲಿ ಕರಿಯುವಾಗ ಹೊಮ್ಮುವ ಆವಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಪ್ರಾಯಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿನಲ್ಲಿ ಇಟ್ಟಿದೆ.

ನೀರಿನ ಆವಿಯ ಲೆಕ್ಕವೂ ಸಣ್ಣದಲ್ಲ. ಒಂದು ಕೆಜಿ ಎಲ್‌ಪಿಜಿ ಉರಿದರೆ ಒಂದೂವರೆ ಕೆಜಿಗೂ ಹೆಚ್ಚು ನೀರು ಆವಿಯಾಗಿ ಹೊರಬರುತ್ತದೆ. 14.2 ಕೆಜಿಯ ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಸುಮಾರು 22 ಲೀಟರ್ ನೀರು ಅಡುಗೆಮನೆಯ ಗಾಳಿ ಸೇರಿರುತ್ತದೆ. ಸಾರು, ಅನ್ನ, ಇಡ್ಲಿಯ ಹಬೆ ಬೇರೆ. ಮಳೆಗಾಲದಲ್ಲಿ ಅಡುಗೆಮನೆಯ ಕಪಾಟಿನ ಹಿಂದೆ ಬೂಸ್ಟು ಹಿಡಿಯಲು ಇದೂ ಒಂದು ಕಾರಣ.

ಹೊರಚಿಮಣಿ ಮತ್ತು ಒಳಚಿಮಣಿ

ಕೊಳವೆ ಇರುವ ಚಿಮಣಿ ಗಾಳಿಯನ್ನು ಹೊರಗೆ ಹಾಕುತ್ತದೆ. ಕೊಳವೆ ಇಲ್ಲದ್ದು ಅದೇ ಗಾಳಿಯನ್ನು ಜಾಲರಿ ಮತ್ತು ಇದ್ದಿಲಿನ ಫಿಲ್ಟರ್ ಮೂಲಕ ಸೋಸಿ ಅಡುಗೆಮನೆಗೇ ಮರಳಿ ಬಿಡುತ್ತದೆ. ಜಾಲರಿ ಜಿಡ್ಡಿನ ಒಂದು ಪಾಲನ್ನು ಹಿಡಿಯುತ್ತದೆ, ಇದ್ದಿಲು ವಾಸನೆಯನ್ನು ಕೆಲ ಕಾಲ ತಡೆಯುತ್ತದೆ. ಹಬೆ, ಸೆಕೆ, ಕಾರ್ಬನ್ ಮಾನಾಕ್ಸೈಡ್ ಮಾತ್ರ ಒಳಗೇ ಉಳಿಯುತ್ತವೆ. ಇದ್ದಿಲಿನ ಫಿಲ್ಟರನ್ನು ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ಹೊರಗೆ ದಾರಿ ಇರುವ ಯಾವ ಮನೆಯಲ್ಲೂ ಒಳಚಿಮಣಿ ಆಯ್ದುಕೊಳ್ಳಲು ಒಳ್ಳೆಯ ಕಾರಣವಿಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಎಷ್ಟೋ ಬಾಡಿಗೆ ಮನೆಗಳಲ್ಲಿ ಒಲೆಯ ಮೇಲೆ ಮೈಕ್ರೋವೇವ್ ಜೊತೆಗೇ ಫ್ಯಾನು ಇರುತ್ತದೆ. ಅದು ಗಾಳಿಯನ್ನು ಹೊರಗೆ ಬಿಡುತ್ತದೆಯೋ, ಒಳಗೇ ತಿರುಗಿಸುತ್ತದೆಯೋ ಎಂದು ಮೊದಲ ಒಗ್ಗರಣೆಗೆ ಮುನ್ನ ತಿಳಿದುಕೊಳ್ಳುವುದು ಒಳ್ಳೆಯದು.

ಗೋಡೆಯಲ್ಲಿ ಕೂರಿಸುವ ಎಕ್ಸಾಸ್ಟ್ ಫ್ಯಾನು ಮೂರನೆಯ ಬಗೆ. ತೆರೆದ ಗೋಡೆಯ ಮೂಲಕ ಗಾಳಿ ತಳ್ಳುವುದು ಅದಕ್ಕೆ ಸಲೀಸು. ಉದ್ದ ಕೊಳವೆಯ ಎದುರೊತ್ತಡವನ್ನು ಅದರ ರೆಕ್ಕೆಗಳು ತಾಳಲಾರವು. ಆ ಕೆಲಸಕ್ಕೆ ಚಿಮಣಿಯೊಳಗಿರುವಂಥ ಬ್ಲೋವರ್ ಬೇಕು. ಹಾಗಾಗಿ ಎಕ್ಸಾಸ್ಟ್ ಫ್ಯಾನಿಗೆ ಉದ್ದ ಪೈಪು ಜೋಡಿಸುವುದು ಫಲ ಕೊಡುವುದಿಲ್ಲ.

ಗಾಳಿಯ ಲೆಕ್ಕ

ಭಾರತದಲ್ಲಿ ಮಾರಾಟವಾಗುವ ಚಿಮಣಿಗಳ ಪೆಟ್ಟಿಗೆಯ ಮೇಲೆ ಗಂಟೆಗೆ 1000ದಿಂದ 1400 ಘನ ಮೀಟರ್ ಎಂಬಂಥ ಅಂಕಿ ಕಾಣುತ್ತದೆ. ಅಷ್ಟು ದೊಡ್ಡ ಅಂಕಿ ಎಲ್ಲ ಮನೆಗೂ ಬೇಕಿಲ್ಲ. ಗೋಡೆಗೆ ಒರಗಿದ ಒಲೆಯ ಪ್ರತಿ ಅಡಿ ಅಗಲಕ್ಕೆ ನಿಮಿಷಕ್ಕೆ 100 ಘನ ಅಡಿ ಗಾಳಿ ಸಾಗಬೇಕು ಎಂಬುದು ಅಮೆರಿಕದ ಹೋಮ್ ವೆಂಟಿಲೇಟಿಂಗ್ ಇನ್‌ಸ್ಟಿಟ್ಯೂಟಿನ ಶಿಫಾರಸು. ಎರಡಡಿಯ ಒಲೆಗೆ ಇದು ಗಂಟೆಗೆ ಸುಮಾರು 340 ಘನ ಮೀಟರ್. ಒಗ್ಗರಣೆ, ಹುರಿಯುವುದು, ಕರಿಯುವುದು ಹೆಚ್ಚಿರುವ ನಮ್ಮ ಅಡುಗೆಗೆ ಗಂಟೆಗೆ 600 ಘನ ಮೀಟರ್ ನಿಜವಾಗಿಯೂ ಹೊರಗೆ ಹೋದರೆ ಒಳ್ಳೆಯ ಫಲ ಸಿಗುತ್ತದೆ. ಹತ್ತಡಿ ಉದ್ದ, ಎಂಟಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯ ಗಾಳಿ ಆಗ ಗಂಟೆಗೆ 26 ಸಲ ಬದಲಾದಂತಾಯಿತು.

‘ನಿಜವಾಗಿಯೂ ಹೊರಗೆ ಹೋದರೆ’ ಎಂಬಲ್ಲಿಯೇ ಕೊಳವೆಯ ಪಾತ್ರವಿದೆ. 150 ಮಿಮೀ, ಅಂದರೆ ಆರಿಂಚು ವ್ಯಾಸದ ಕೊಳವೆಯಲ್ಲಿ 600 ಘನ ಮೀಟರ್ ಗಾಳಿ ಸೆಕೆಂಡಿಗೆ 9.4 ಮೀಟರ್ ವೇಗದಲ್ಲಿ ಓಡುತ್ತದೆ. ಅದನ್ನೇ ನಾಲ್ಕಿಂಚಿನ ಕೊಳವೆಗೆ ತುರುಕಿದರೆ ವೇಗ 21 ಮೀಟರ್ ದಾಟುತ್ತದೆ. ಗಾಳಿಯ ಪ್ರಮಾಣ ಅಷ್ಟೇ ಇದ್ದಾಗ ಉಜ್ಜುವಿಕೆಯಿಂದಾಗುವ ಒತ್ತಡದ ನಷ್ಟ ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಆರಿಂಚಿನಿಂದ ಐದಿಂಚಿಗೆ ಇಳಿದರೆ ನಷ್ಟ ಸುಮಾರು ಎರಡೂವರೆ ಪಟ್ಟು, ನಾಲ್ಕಿಂಚಿಗೆ ಇಳಿದರೆ ಏಳೂವರೆ ಪಟ್ಟು. ಚಿಮಣಿಯ ಬಾಯಿ ಆರಿಂಚು ಇದ್ದಲ್ಲಿ ಗೋಡೆಯ ತೂತು ಚಿಕ್ಕದಾಯಿತೆಂದು ರೆಡ್ಯೂಸರ್ ಹಾಕಿ ನಾಲ್ಕಿಂಚಿನ ಪೈಪು ಜೋಡಿಸುವುದು ಈ ಕೆಲಸದಲ್ಲಿ ನಡೆಯುವ ಅತಿ ದೊಡ್ಡ ತಪ್ಪು. ಫ್ಯಾನು ಗದ್ದಲ ಮಾಡುತ್ತದೆ, ಹೊಗೆ ಒಲೆಯ ಮೇಲೆಯೇ ಸುತ್ತುತ್ತದೆ, ಮೋಟರು ದುರ್ಬಲವೆಂಬ ದೂರು ಏಳುತ್ತದೆ.

ತಿರುವುಗಳ ನಷ್ಟ ಇನ್ನೂ ಹೆಚ್ಚು. ಒಂದೇ ಚಿಮಣಿಯನ್ನು ಎರಡು ಬಗೆಯಲ್ಲಿ ಜೋಡಿಸಿದ್ದನ್ನು ಹೋಲಿಸಿ ನೋಡಬಹುದು. ಎರಡರಲ್ಲೂ ಆರಿಂಚಿನ ನುಣುಪು ಕೊಳವೆ, 600 ಘನ ಮೀಟರ್ ಗಾಳಿ. ಮೊದಲ ಮನೆಯಲ್ಲಿ ಒಲೆ ಹೊರಗೋಡೆಗೆ ಇದೆ. ಕೊಳವೆ ಅರ್ಧ ಮೀಟರ್ ಮೇಲೆದ್ದು, ದುಂಡನೆಯ ಒಂದು ತಿರುವು ತೆಗೆದುಕೊಂಡು ಗೋಡೆ ದಾಟುತ್ತದೆ. ಒಟ್ಟು ಉದ್ದ ಒಂದು ಮೀಟರ್. ಅಲ್ಲಿ ನಷ್ಟ ಸುಮಾರು 20 ಪಾಸ್ಕಲ್. ಎರಡನೆಯ ಮನೆಯಲ್ಲಿ ಒಲೆ ಒಳಗೋಡೆಗೆ ಇದೆ. ಕೊಳವೆ ಲಾಫ್ಟ್ ಒಳಗೆ ಐದು ಮೀಟರ್ ಸಾಗಿ, ಚೂಪಾದ ಮೂರು ಮೂಲೆ ತಿರುಗಿ ಯುಟಿಲಿಟಿ ಸೇರುತ್ತದೆ. ಅಲ್ಲಿ ಉದ್ದದ ನಷ್ಟ 35 ಪಾಸ್ಕಲ್ ಮಾತ್ರ, ಮೂರು ಮೂಲೆಗಳದ್ದೇ ಸುಮಾರು 190. ಎರಡೂ ಸೇರಿ ಮೊದಲ ಮನೆಯ ಹತ್ತು ಪಟ್ಟಿಗೂ ಹೆಚ್ಚು. ಹೊರಬಾಯಿಯ ಮುಚ್ಚಳದ ನಷ್ಟ ಇದಕ್ಕೆ ಸೇರಬೇಕು. ಮನೆಬಳಕೆಯ ಚಿಮಣಿಯ ಫ್ಯಾನು ಎದುರಿಸಬಲ್ಲದ್ದು ಕೆಲವು ನೂರು ಪಾಸ್ಕಲ್ ಅಷ್ಟೆ. ಎದುರೊತ್ತಡ ಏರಿದಂತೆ ಅದು ತಳ್ಳುವ ಗಾಳಿ ಇಳಿಯುತ್ತ ಹೋಗುತ್ತದೆ. ಆದ್ದರಿಂದ ಎರಡನೆಯ ಮನೆಯವರು ಅದೇ ದುಡ್ಡು ಕೊಟ್ಟು ತಂದ ಚಿಮಣಿಯಿಂದ ಪಡೆಯುವ ಗಾಳಿ ಬಹಳ ಕಡಿಮೆ.

ದಾರಿಯ ಆಯ್ಕೆ

ಯೋಜನೆಯ ಮೊದಲ ಹೆಜ್ಜೆ ಒಲೆಯ ಜಾಗ. ಕರ್ನಾಟಕದಲ್ಲಿ ವಾಸ್ತು ನೋಡಿ ಕಟ್ಟುವ ಮನೆಗಳಲ್ಲಿ ಅಡುಗೆಮನೆ ಆಗ್ನೇಯ ಮೂಲೆಯಲ್ಲಿ, ಒಲೆ ಪೂರ್ವದ ಗೋಡೆಗೆ ಬರುವುದು ರೂಢಿ. ಆ ಗೋಡೆ ಹೊರಗೋಡೆಯೇ ಆಗಿರುವುದರಿಂದ ಕೊಳವೆಗೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ತೊಡಕು ಬರುವುದು 30×40 ನಿವೇಶನಗಳಲ್ಲಿ. ಅಲ್ಲಿ ಪಕ್ಕದ ಮನೆಯ ಗೋಡೆ ಕೆಲವೇ ಅಡಿ ದೂರದಲ್ಲಿರುತ್ತದೆ. ಹೊರಬಾಯಿ ಅವರ ಕಿಟಕಿಗೆ ಎದುರಾದರೆ ಹೊಗೆಯೊಂದಿಗೆ ಮನಸ್ತಾಪವನ್ನೂ ಕಳಿಸಿದಂತಾಗುತ್ತದೆ. ಅಮೆರಿಕದ ವಸತಿ ಕಟ್ಟಡ ಸಂಹಿತೆಯಂತೆ ಹೊರಬಾಯಿ ನಿವೇಶನದ ಗಡಿಯಿಂದಲೂ ಕಿಟಕಿಗಳಿಂದಲೂ ಕನಿಷ್ಠ ಮೂರು ಅಡಿ, ಯಂತ್ರದಿಂದ ಗಾಳಿ ಒಳಗೆಳೆಯುವ ಬಾಯಿಯಿಂದ ಹತ್ತು ಅಡಿ ದೂರವಿರಬೇಕು. ಈ ಅಳತೆ ನಮ್ಮಲ್ಲೂ ಪಾಲಿಸಲು ಯೋಗ್ಯ. ಅಷ್ಟು ಜಾಗ ಸಿಗದಿದ್ದರೆ ಕೊಳವೆಯನ್ನು ಹೊರಗೋಡೆಯುದ್ದಕ್ಕೂ ತಾರಸಿಯ ಮೇಲಕ್ಕೆ ಒಯ್ಯಬಹುದು. ಉದ್ದ ಹೆಚ್ಚುವುದರಿಂದ ಆಗ ಎಂಟಿಂಚಿನ ಕೊಳವೆ ಬಳಸಬೇಕು.

ಎರಡನೆಯ ಹೆಜ್ಜೆ ಎತ್ತರದ ಲೆಕ್ಕ. ಅಡುಗೆ ಕಟ್ಟೆ ನೆಲದಿಂದ ಸುಮಾರು 85 ಸೆಂಮೀ, ಒಲೆ ಮತ್ತೆ 10 ಸೆಂಮೀ. ಒಲೆಯಿಂದ ಚಿಮಣಿಯ ಕೆಳ ಅಂಚಿಗೆ ತಯಾರಕರು ಹೇಳಿದ ಅಂತರ ಬಿಡಬೇಕು. ಸಾಮಾನ್ಯವಾಗಿ ಅದು 65ರಿಂದ 75 ಸೆಂಮೀ. ಚಿಮಣಿಯ ಸ್ವಂತ ಎತ್ತರವನ್ನೂ ಸೇರಿಸಿದರೆ ಅದರ ಮೇಲಿನ ಬಾಯಿ ಸುಮಾರು ಏಳು ಅಡಿಗೆ ಬರುತ್ತದೆ. ಬಾಯಿಯಿಂದ ಮೊದಲ ತಿರುವಿನವರೆಗೆ ಒಂದೂವರೆ ಅಡಿ ನೇರ ಕೊಳವೆ ಇದ್ದರೆ ಫ್ಯಾನಿನಿಂದ ಸುತ್ತುತ್ತ ಬರುವ ಗಾಳಿ ಹದಕ್ಕೆ ಬರುತ್ತದೆ. ಗೋಡೆಯ ತೂತು ಆಗ ಎಂಟೂವರೆ ಅಡಿಯ ಆಸುಪಾಸಿಗೆ ಬೀಳುತ್ತದೆ. ಕಿಟಕಿಯ ಲಿಂಟಲ್ ಏಳು ಅಡಿಗೆ, ಚಾವಣಿಯ ಬೀಮಿನ ತಳ ಒಂಬತ್ತು ಅಡಿಗೆ ಇರುವ ಮನೆಯಲ್ಲಿ ತೂತಿಗೆ ಸಿಗುವುದು ಆ ನಡುವಿನ ಎರಡಡಿ ಮಾತ್ರ. ಬೀಮು, ಕಂಬ, ಲಿಂಟಲ್ ಯಾವುದನ್ನೂ ಕೊರೆಯಬಾರದು. ಗೋಡೆ ಏಳುವಾಗಲೇ ಆರಿಂಚಿನ ಕೊಳವೆ ಸಲೀಸಾಗಿ ತೂರುವಷ್ಟು, ಅಂದರೆ ಆರೂವರೆ ಇಂಚಿನ ತೋಳು ಕೊಳವೆ ಹುದುಗಿಸಿಟ್ಟರೆ ಮುಂದೆ ಕೋರ್ ಕಟಿಂಗ್ ಯಂತ್ರ ತರುವ ಪ್ರಮೇಯವಿಲ್ಲ. ಲಾಫ್ಟ್ ಇದ್ದರೆ ಅದರ ಕಾಂಕ್ರೀಟ್ ಹಲಗೆಯಲ್ಲೂ ಇದೇ ಅಳತೆಯ ತೂತು ಮೊದಲೇ ಬಿಡಬೇಕು.

ಕೊಳವೆಯ ವಸ್ತು

ಅಮೆರಿಕದ ಸಂಹಿತೆ ಚಿಮಣಿಯ ಕೊಳವೆಗೆ ಸತುವು ಲೇಪಿತ ಉಕ್ಕು, ಸ್ಟೇನ್‌ಲೆಸ್ ಸ್ಟೀಲ್ ಅಥವಾ ತಾಮ್ರವನ್ನು ಮಾತ್ರ ಒಪ್ಪುತ್ತದೆ. ಒಳಮೈ ನುಣುಪಾಗಿರಬೇಕು, ಕೀಲುಗಳಲ್ಲಿ ಗಾಳಿ ಸೋರಬಾರದು, ಸ್ನಾನದ ಮನೆಯ ಫ್ಯಾನಿನಂಥ ಬೇರೆ ಕೊಳವೆಗಳ ಜೊತೆ ಸೇರಬಾರದು ಎಂಬ ನಿಯಮಗಳೂ ಅಲ್ಲಿವೆ. ಜಿಡ್ಡು ಅಂಟುವ ಕೊಳವೆಗೆ ಬೆಂಕಿ ತಗಲಬಹುದೆಂಬ ಎಚ್ಚರ ಇದರ ಹಿಂದಿದೆ.

ನಮ್ಮಲ್ಲಿ ಬಳಕೆಯಲ್ಲಿರುವುದು ಎರಡು. ಒಂದು, ಸುರುಳಿಯಂತೆ ಹಿಗ್ಗುವ ಅಲ್ಯೂಮಿನಿಯಂ ಪೈಪು. ಮಡಿಸಿದ ಪೈಪನ್ನು ಪೂರ್ತಿ ಎಳೆದು ಬಿಗಿಯಾಗಿಸಿ, ಬೇಕಾದಷ್ಟೇ ಉದ್ದಕ್ಕೆ ಕತ್ತರಿಸಿ ಜೋಡಿಸಬೇಕು. ಅರ್ಧ ಎಳೆದು ಉಳಿದದ್ದನ್ನು ಲಾಫ್ಟಿನಲ್ಲಿ ಬಳುಕಿಸಿ ಬಿಟ್ಟರೆ ಒಳಗಿನ ಸಾಲುಸಾಲು ಮಡಿಕೆಗಳು ಗಾಳಿಯನ್ನು ತಡೆಯುತ್ತವೆ, ಒಂದೊಂದು ಮಡಿಕೆಯಲ್ಲೂ ಜಿಡ್ಡು ಕೂರುತ್ತದೆ. ಒಂದು ಮೀಟರಿನೊಳಗಿನ ಜೋಡಣೆಗೆ ಮಾತ್ರ ಇದು ಸರಿ. ಇನ್ನೊಂದು, ನಲ್ಲಿ ಕೆಲಸದ ಪಿವಿಸಿ ಪೈಪು. ಒಳಮೈ ನುಣುಪು, ಬೆಲೆ ಕಡಿಮೆ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ದಿನನಿತ್ಯದ ಬೆಚ್ಚನೆ ಗಾಳಿಯನ್ನು ಅದು ತಾಳುತ್ತದೆ. ಆದರೆ 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿ ಉರಿ ಒಳಗೆಳೆದುಕೊಂಡರೆ ಕರಗಿ, ಸುಟ್ಟು ಹೈಡ್ರೋಜನ್ ಕ್ಲೋರೈಡ್ ಎಂಬ ಉಸಿರುಗಟ್ಟಿಸುವ ಅನಿಲ ಬಿಡುತ್ತದೆ. ಇವುಗಳ ಬದಲು ಉಕ್ಕಿನ ತಗಡಿನ ಕೊಳವೆಗೆ ತಗಲುವ ಹೆಚ್ಚಿನ ಖರ್ಚು ಚಿಮಣಿಯ ಬೆಲೆಯ ಮುಂದೆ ಸಣ್ಣದು. ಫಾಲ್ಸ್ ಸೀಲಿಂಗ್ ಒಳಗೆ ಕಣ್ಣಿಗೆ ಕಾಣದಂತೆ ಹಾಯುವ ಕೊಳವೆಯಾದರೆ ತಗಡಿನದ್ದೇ ಆಗಬೇಕು.

ದುಂಡನೆಯ ಕೊಳವೆಗೆ ಎತ್ತರ ಸಾಲದಿದ್ದರೆ ಚಪ್ಪಟೆ ಕೊಳವೆ ಬಳಸಬಹುದು. 220×90 ಮಿಮೀ ಚಪ್ಪಟೆ ಕೊಳವೆಯ ಅಡ್ಡಕೊಯ್ತ ಆರಿಂಚಿನ ದುಂಡು ಕೊಳವೆಗಿಂತ ತುಸು ಹೆಚ್ಚೇ ಇದೆ. ಅಂಚುಗಳು ಹೆಚ್ಚಿರುವುದರಿಂದ ಉಜ್ಜುವಿಕೆಯೂ ಸ್ವಲ್ಪ ಹೆಚ್ಚು.

ಹೊರಬಾಯಿ

ಗೋಡೆಯ ಹೊರಗಿನ ತುದಿಗೆ ಹಾಕುವ ಮುಚ್ಚಳಕ್ಕೆ ಕೌಲ್ ಎನ್ನುತ್ತಾರೆ. ಮಳೆ ತಡೆಯುವುದು, ಹಕ್ಕಿ, ಅಳಿಲು, ಹಲ್ಲಿ ಒಳಗೆ ಬಾರದಂತೆ ನೋಡಿಕೊಳ್ಳುವುದು, ಫ್ಯಾನು ನಿಂತಾಗ ಹೊರಗಾಳಿ ಒಳನುಗ್ಗದಂತೆ ಮುಚ್ಚಿಕೊಳ್ಳುವುದು ಇದರ ಕೆಲಸ. ಕೊನೆಯದಕ್ಕೆ ಗಾಳಿಯ ಒತ್ತಡಕ್ಕೆ ತೆರೆದು ತನ್ನ ಭಾರಕ್ಕೆ ಬೀಳುವ ಹಗುರ ತಗಡಿನ ರೆಕ್ಕೆ ಇರುತ್ತದೆ. ಸೊಳ್ಳೆ ಪರದೆಯಂಥ ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಕೆಲವೇ ತಿಂಗಳಲ್ಲಿ ಜಿಡ್ಡು ಹಿಡಿದು ಬಾಯಿ ಕಟ್ಟಿಹೋಗುತ್ತದೆ.

ಕರಾವಳಿ ಮತ್ತು ಮಲೆನಾಡಿನಲ್ಲಿ ಮುಂಗಾರಿನ ಮಳೆ ನೈಋತ್ಯದಿಂದ ಓರೆಯಾಗಿ ಬಡಿಯುತ್ತದೆ. ಅಲ್ಲಿ ಹೊರಬಾಯಿ ಪಶ್ಚಿಮಕ್ಕಾಗಲಿ ದಕ್ಷಿಣಕ್ಕಾಗಲಿ ಮುಖ ಮಾಡದಂತೆ ನೋಡಿಕೊಳ್ಳಬೇಕು, ಇಲ್ಲವೇ ಸಜ್ಜಾದ ಕೆಳಗೆ ಬರುವಂತೆ ಮಾಡಬೇಕು. ಅಡ್ಡ ಹಾಯುವ ಕೊಳವೆ ಹೊರಕ್ಕೆ ತುಸು ಇಳಿಜಾರಾಗಿದ್ದರೆ ಒಳಸೇರಿದ ಮಳೆನೀರೂ ತಣಿದು ನೀರಾದ ಹಬೆಯೂ ಹೊರಗೇ ಸುರಿದುಹೋಗುತ್ತವೆ. ಮಂಗಳೂರು, ಉಡುಪಿ, ಕಾರವಾರದಂಥ ಊರುಗಳ ಉಪ್ಪುಗಾಳಿಗೆ ಸ್ಟೇನ್‌ಲೆಸ್ ಸ್ಟೀಲಿನ ಕೌಲ್ ಹೆಚ್ಚು ಬಾಳುತ್ತದೆ.

ಬದಲಿಗಾಳಿ

ಹೊರಗೆ ಹೋದಷ್ಟೇ ಗಾಳಿ ಒಳಗೆ ಬರಬೇಕು. ಕಿಟಕಿ, ಬಾಗಿಲು ಎಲ್ಲ ಮುಚ್ಚಿ ಚಿಮಣಿ ಹಾಕಿದರೆ ಮನೆಯೊಳಗೆ ಒತ್ತಡ ಕುಸಿದು, ಸಿಕ್ಕ ಸಂದಿನಿಂದ ಗಾಳಿ ನುಗ್ಗುತ್ತದೆ: ಬಚ್ಚಲಿನ ಕಿಂಡಿಯಿಂದ, ಯುಟಿಲಿಟಿಯಿಂದ. ಅಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿದ್ದರೆ ಅದರ ಕಾರ್ಬನ್ ಮಾನಾಕ್ಸೈಡ್ ಮನೆಯೊಳಕ್ಕೆ ಎಳೆದುಕೊಂಡು ಬರಬಹುದು. ವಾಸನೆಯಿಲ್ಲದ ಈ ಅನಿಲ ಪ್ರಾಣ ತೆಗೆಯುತ್ತದೆ. ನಿಮಿಷಕ್ಕೆ 400 ಘನ ಅಡಿ, ಅಂದರೆ ಗಂಟೆಗೆ 680 ಘನ ಮೀಟರ್ ಮೀರಿದ ಚಿಮಣಿಗಳಿಗೆ ಬದಲಿಗಾಳಿಯ ಏರ್ಪಾಡನ್ನು ಅಮೆರಿಕದ ಸಂಹಿತೆ ವಿಧಿಸಿರುವುದು ಇಂಥ ಅಪಾಯಕ್ಕಾಗಿಯೇ. ನಮ್ಮ ಹವೆಯಲ್ಲಿ ಇದಕ್ಕೆ ಯಂತ್ರ ಬೇಕಿಲ್ಲ. ಒಲೆಯಿಂದ ದೂರದ ಒಂದು ಕಿಟಕಿಯನ್ನು ಒಂದು ಗೇಣು ತೆರೆದಿಟ್ಟರೆ ಸಾಕು. ಒಲೆಯ ಪಕ್ಕದ ಕಿಟಕಿ ತೆರೆದರೆ ಅಡ್ಡಗಾಳಿ ಹೊಗೆಯನ್ನು ಚಿಮಣಿಯಿಂದಾಚೆ ಚದುರಿಸುತ್ತದೆ.

ಇನ್ನೊಂದು ಎಚ್ಚರಿಕೆ ಪ್ರತಿ ಮನೆಯಲ್ಲೂ ತಿಳಿದಿರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡುತ್ತದೆ. ಗ್ಯಾಸ್ ವಾಸನೆ ಬಂದಾಗ ಚಿಮಣಿಯ ಸ್ವಿಚ್ಚನ್ನು ಮುಟ್ಟಲೇಬಾರದು. ಸ್ವಿಚ್ಚಿನ ಒಂದು ಕಿಡಿ ಸಾಕು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಬರಬೇಕು.

ಅಪಾರ್ಟ್‌ಮೆಂಟುಗಳಲ್ಲಿ

ಬಹುಮಹಡಿ ಕಟ್ಟಡಗಳಲ್ಲಿ ನೀರು, ಚರಂಡಿ ಪೈಪುಗಳು ಇಳಿಯುವ ಶಾಫ್ಟಿಗೆ ಚಿಮಣಿಯ ಕೊಳವೆ ಬಿಡುವ ರೂಢಿ ಇದೆ. ಕೆಳಮನೆಯ ಮೀನು ಕರಿದ ವಾಸನೆ ಆಗ ಮೇಲ್ಮನೆಯ ಬಚ್ಚಲ ಕಿಟಕಿಯಲ್ಲಿ ಇಣುಕುತ್ತದೆ. ಒಂದು ಮನೆಯ ಬೆಂಕಿ ಇನ್ನೊಂದಕ್ಕೆ ಹಬ್ಬಲೂ ಅದು ದಾರಿಯಾದೀತು. ಯುಟಿಲಿಟಿ ಬಾಲ್ಕನಿಯ ಹೊರ ಅಂಚಿನವರೆಗೆ ಕೊಳವೆ ಒಯ್ಯುವುದು ಉತ್ತಮ. ಗೋಡೆ ಕೊರೆಯಲು ಅನುಮತಿ ಸಿಗದಲ್ಲಿ ಕಿಟಕಿಯ ಒಂದು ಗಾಜು ತೆಗೆದು, ತೂತು ಮಾಡಿದ ಅಲ್ಯೂಮಿನಿಯಂ ತಗಡು ಕೂರಿಸಿ ಅದರ ಮೂಲಕ ಕೊಳವೆ ದಾಟಿಸುತ್ತಾರೆ. ಮನೆ ಬಿಡುವಾಗ ಗಾಜು ಮರಳಿ ಹಾಕಬಹುದಾದ್ದರಿಂದ ಬಾಡಿಗೆದಾರರಿಗೂ ಇದು ಒಪ್ಪುವ ವಿಧಾನ. ದರ್ಶಿನಿ, ಹೋಟೆಲುಗಳ ಅಡುಗೆಮನೆಗೆ ಈ ಲೇಖನದ ಲೆಕ್ಕ ಸಾಲದು. ಇಡೀ ದಿನ ಕಾಯುವ ದೋಸೆ ಕಾವಲಿಯ ಜಿಡ್ಡಿಗೆ ಬೆಸುಗೆ ಹಾಕಿದ ದಪ್ಪ ಉಕ್ಕಿನ ಕೊಳವೆ, ಶುಚಿ ಮಾಡಲು ಬಾಗಿಲುಗಳು, ಬೆಂಕಿ ಆರಿಸುವ ಏರ್ಪಾಡು ಬೇಕು.

ಪರೀಕ್ಷೆ ಮತ್ತು ನಿರ್ವಹಣೆ

ಜೋಡಣೆ ಮುಗಿದ ದಿನವೇ, ಕೆಲಸದವರು ಇರುವಾಗಲೇ ಪರೀಕ್ಷೆ ಮಾಡಬೇಕು. ಫ್ಯಾನು ಓಡುವಾಗ ಹೊರಗೆ ನಿಂತು ಕೌಲಿನ ರೆಕ್ಕೆ ಪೂರ್ತಿ ತೆರೆದಿದೆಯೇ ನೋಡಬೇಕು. ಒಲೆಯ ಮುಂದಿನ ಬರ್ನರಿನ ಮೇಲೆ ಊದಿನಕಡ್ಡಿ ಹಿಡಿದರೆ ಹೊಗೆ ಚಿಮಣಿಯತ್ತ ಬಾಗಬೇಕು. ಹಿಂದಿನ ಬರ್ನರಿನ ಹೊಗೆಯನ್ನು ಚಿಮಣಿ ಹೆಚ್ಚು ಚೆನ್ನಾಗಿ ಹಿಡಿಯುವುದರಿಂದ ಕರಿಯುವ, ಹುರಿಯುವ ಕೆಲಸ ಅಲ್ಲಿಯೇ ಮಾಡುವುದು ಲೇಸು. ಅದೇ ಊದಿನಕಡ್ಡಿಯನ್ನು ಕೊಳವೆಯ ಪ್ರತಿ ಕೀಲಿನ ಬಳಿ, ಗೀಸರಿನ ಬಳಿ, ಯುಟಿಲಿಟಿ ಬಾಗಿಲಿನ ಸಂದಿನ ಬಳಿ ಹಿಡಿದು ಗಾಳಿ ಯಾವ ಕಡೆ ಎಳೆಯುತ್ತಿದೆ ಎಂದು ಗಮನಿಸಬೇಕು.

ಚಿಮಣಿಯನ್ನು ಒಲೆ ಹಚ್ಚುವ ಮೊದಲೇ ಹಾಕಿ, ಆರಿಸಿದ ಮೇಲೂ ಐದು ಹತ್ತು ನಿಮಿಷ ಓಡಿಸಬೇಕು. ಬ್ಯಾಫಲ್ ಫಿಲ್ಟರನ್ನು ತಿಂಗಳಿಗೊಮ್ಮೆ ಬಿಸಿನೀರು, ಸಾಬೂನಿನಲ್ಲಿ ತೊಳೆಯಬೇಕು. ‘ಆಟೋ ಕ್ಲೀನ್’ ಚಿಮಣಿಗಳು ಬ್ಲೋವರಿನ ಜಿಡ್ಡನ್ನು ಕರಗಿಸಿ ಬಟ್ಟಲಿಗೆ ಇಳಿಸುತ್ತವೆ. ಕೊಳವೆಯನ್ನು ಅವು ಶುಚಿ ಮಾಡುವುದಿಲ್ಲ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುನ್ನ, ಮೊದಲ ತಿರುವನ್ನು ಬಿಚ್ಚಿ ಒಳಗೆ ಕೂತ ಜಿಡ್ಡು ತೆಗೆದು, ರೆಕ್ಕೆ ಸಲೀಸಾಗಿ ಆಡುತ್ತದೆಯೇ ಪರೀಕ್ಷಿಸಬೇಕು. ಹೀಗೆ ಬಿಚ್ಚಲು ಕೈ ಹೋಗುವಷ್ಟು ಜಾಗವನ್ನು, ಫಾಲ್ಸ್ ಸೀಲಿಂಗ್ ಇದ್ದರೆ ಅದರಲ್ಲೊಂದು ಸಣ್ಣ ಬಾಗಿಲನ್ನು, ಮೊದಲ ನಕ್ಷೆಯಲ್ಲೇ ಗುರುತಿಸಿಡಬೇಕು. ಮನೆ ಕಟ್ಟಿಸುವವರು ಎಂಜಿನಿಯರಿಗೆ ನಲ್ಲಿ, ವಿದ್ಯುತ್ತಿನ ನಕ್ಷೆ ಕೇಳುವಾಗ ಅಡುಗೆಮನೆಯ ಹೊಗೆಕೊಳವೆಯ ನಕ್ಷೆಯನ್ನೂ ಕೇಳಬೇಕು. ವ್ಯಾಸ, ಉದ್ದ, ತಿರುವುಗಳ ಸಂಖ್ಯೆ, ಹೊರಬಾಯಿಯ ದಿಕ್ಕು ಈ ನಾಲ್ಕು ವಿವರ ಅದರಲ್ಲಿದ್ದರೆ ಮುಂದೆ ಯಾವ ಕಂಪನಿಯ ಚಿಮಣಿ ತಂದರೂ ಅದು ಪೂರ್ತಿ ಕೆಲಸ ಮಾಡಬಲ್ಲದು.